ಕಡಿಮೆ ಖರ್ಚಿನಲ್ಲಿ ಮೈಗೊಪ್ಪುವ ಉಡುಪು: ಕೊಡಗಿನ ಮನೆಗಳಿಗೊಂದು ಹೊಲಿಗೆ ಮಾರ್ಗದರ್ಶಿ

ಉಡುಪಿನ ಅಂದವನ್ನು ಮುಖ್ಯವಾಗಿ ನಿರ್ಧರಿಸುವುದು ಅಳತೆ. ಭುಜದ ಹೊಲಿಗೆ ಭುಜದೆಲುಬಿನ ತುದಿಗೆ ಸರಿಯಾಗಿ ಕುಳಿತು, ತೋಳು ಮಣಿಕಟ್ಟಿನಲ್ಲಿ ನಿಂತು, ಸೊಂಟದ ಬಳಿ ಬಟ್ಟೆ ಜೋತು ಬೀಳದಿದ್ದರೆ ಹತ್ತು ವರ್ಷದ ಹಳೆಯ ಅಂಗಿಯೂ ಎದ್ದು ಕಾಣುತ್ತದೆ. ಇವು ಮೂರೂ ತಪ್ಪಿದರೆ ಎಷ್ಟು ಬೆಲೆಯ ಬಟ್ಟೆಯೂ ಎರವಲು ತಂದದ್ದರಂತೆ ಕಾಣುತ್ತದೆ. ಅಳತೆ ಸರಿಪಡಿಸುವುದಕ್ಕೆ ಬೇಕಾದದ್ದು ದಾರ, ಸೂಜಿ ಮತ್ತು ಒಂದು ಮಧ್ಯಾಹ್ನದ ಬಿಡುವು. ಆದ್ದರಿಂದ ಕೈಯಲ್ಲಿ ಹಣ ಕಡಿಮೆಯಿರುವವರು ಒಳ್ಳೆಯ ಹಳೆಯ ಬಟ್ಟೆಯನ್ನು ಗುರುತಿಸಿ ಮೈಗೆ ಹೊಂದಿಸಿಕೊಳ್ಳುವ ವಿದ್ಯೆಯನ್ನು ಮೊದಲು ಕಲಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಡಗಿನ ಮನೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲಿನ ಮಳೆ, ಅದರ ಬೆನ್ನಿಗೆ ಬರುವ ಬೂಷ್ಟು, ಟ್ರಂಕುಗಳಲ್ಲಿ ಮಡಚಿಟ್ಟಿರುವ ಬಟ್ಟೆಗಳ ಬಗೆ, ಇವೆಲ್ಲವೂ ಬಯಲುಸೀಮೆಯವಕ್ಕಿಂತ ಬೇರೆ.

ಬಟ್ಟೆಯನ್ನು ಎಲ್ಲಿ ಹುಡುಕಬೇಕು

ಮೊದಲು ಮನೆಯ ಟ್ರಂಕನ್ನು ತೆರೆಯಿರಿ. ಅಜ್ಜಿಯ ಹತ್ತಿ ಸೀರೆಗಳು, ಅಪ್ಪನ ಅಗಲವಾದ ಅಂಗಿಗಳು, ತೋಳು ಸವೆದ ಸ್ವೆಟರುಗಳು, ಮದುವೆಗೆ ಒಮ್ಮೆ ಉಟ್ಟು ಮರೆತ ರೇಷ್ಮೆ, ಇವುಗಳಲ್ಲಿ ಇರುವಷ್ಟು ಒಳ್ಳೆಯ ನೇಯ್ಗೆ ಇಂದಿನ ಅಗ್ಗದ ಸಿದ್ಧ ಉಡುಪುಗಳಲ್ಲಿ ಅಪರೂಪ. ಆದರೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಕೊಡವ ಗಂಡಸರ ನಿಲುವಂಗಿಯಾದ ಕುಪ್ಯ, ಅದರ ಮೇಲೆ ಸೊಂಟಕ್ಕೆ ಸುತ್ತುವ ಚೇಲೆ, ತಲೆಗೆ ತೊಡುವ ಮಂಡೆತುಣಿ ಹಾಗೂ ಮದುವೆಯ ಕೆಂಪು ಸೀರೆಯನ್ನು ಕತ್ತರಿಸಬೇಡಿ. ಅವು ಎಷ್ಟೇ ಹಳೆಯದಾಗಿದ್ದರೂ ಸುಗ್ಗಿಹಬ್ಬವಾದ ಪುತ್ತರಿಗೋ ಮದುವೆಗೋ ಮನೆಯ ಮತ್ತೊಬ್ಬರು ತೊಡಬಹುದಾದ ಉಡುಪುಗಳು. ಅವುಗಳ ಹರುಕನ್ನು ಹೊಲಿಯಿರಿ, ಸಡಿಲವಾದ ಹೊಲಿಗೆಯನ್ನು ಬಿಗಿಗೊಳಿಸಿರಿ, ಅಷ್ಟಕ್ಕೇ ನಿಲ್ಲಿಸಿರಿ. ಮನೆಯಲ್ಲಿ ಸೈನ್ಯದಲ್ಲಿದ್ದವರ ಬಟ್ಟೆಗಳಿದ್ದರೆ ಸಮವಸ್ತ್ರವನ್ನೂ ಲಾಂಛನವಿರುವ ಯಾವುದನ್ನೂ ಬದಲಿಸಿ ತೊಡುವುದು ಸಲ್ಲದು.

ಎರಡನೆಯ ಜಾಗ ಸಂತೆ. ಮಡಿಕೇರಿಯಲ್ಲಿ ಶುಕ್ರವಾರ, ಗೋಣಿಕೊಪ್ಪದಲ್ಲಿ ಭಾನುವಾರ ಸಂತೆ ಸೇರುತ್ತದೆ. ತರಕಾರಿಯ ಸಾಲು ಮುಗಿಯುವ ಕಡೆ ಟಾರ್ಪಾಲಿನ ಮೇಲೆ ಬಟ್ಟೆ ಗುಡ್ಡೆ ಹಾಕಿ ಮಾರುವವರು ಸಿಕ್ಕರೆ ಬೆಳಗಿನ ಹೊತ್ತೇ ಹೋಗಿ. ಸಂಜೆಯ ಮಬ್ಬಿನಲ್ಲಿ ಕಲೆ, ಬಣ್ಣಗೇಡು, ಸವೆತ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಮೂರನೆಯದು ಬಟ್ಟೆ ಅಂಗಡಿಗಳ ಕಟ್ ಪೀಸ್ ಪೆಟ್ಟಿಗೆ. ಥಾನಿನ ತುದಿಯಲ್ಲಿ ಉಳಿದ ಒಂದು, ಒಂದೂವರೆ ಮೀಟರಿನ ತುಂಡುಗಳು ತೋಳಿಗೆ, ಕಾಲರಿಗೆ, ಲೈನಿಂಗಿಗೆ ಧಾರಾಳವಾಗಿ ಸಾಕಾಗುತ್ತವೆ. ಚಳಿಗಾಲದ ದಪ್ಪ ಜಾಕೆಟ್ಟು ಬೇಕಾದವರು ಕುಶಾಲನಗರದಿಂದ ಹೊಳೆ ದಾಟಿ ಬೈಲಕುಪ್ಪೆಯ ಟಿಬೆಟನ್ ಅಂಗಡಿಗಳನ್ನೂ ನೋಡಬಹುದು. ಅಲ್ಲಿ ಕೊಳ್ಳುವುದು ಹೊಸದನ್ನೇ ಆದರೂ, ಗಟ್ಟಿ ಜಿಪ್ಪಿರುವ ಒಂದು ಜಾಕೆಟ್ಟು ಹಲವು ಮಳೆಗಾಲಗಳಿಗೆ ಬರುತ್ತದೆ.

ಆರಿಸುವ ಕ್ರಮ

ಬಟ್ಟೆಯನ್ನು ಎರಡೂ ಕೈಯಲ್ಲಿ ಹರವಿ ಬೆಳಕಿಗೆ ಅಡ್ಡ ಹಿಡಿಯಿರಿ. ಎಳೆಗಳು ಸಮವಾಗಿ ಕಂಡರೆ ಒಳ್ಳೆಯದು. ಮೊಣಕೈ, ಕಂಕುಳು, ಕಾಲರಿನ ಮಡಿಕೆ, ಪ್ಯಾಂಟಿನ ತೊಡೆಸಂದಿ ಈ ನಾಲ್ಕು ಕಡೆ ಬೆಳಕು ಜರಡಿಯಂತೆ ತೂರಿ ಬಂದರೆ ಅಲ್ಲಿ ಎಳೆ ಸವೆದಿದೆ ಎಂದರ್ಥ, ಇನ್ನು ಮೂರು ನಾಲ್ಕು ಒಗೆತದಲ್ಲಿ ಹರಿಯುತ್ತದೆ. ಅಂತಹ ಬಟ್ಟೆಯನ್ನು ಇಡಿಯಾಗಿ ತೊಡಲು ಕೊಳ್ಳಬೇಡಿ. ಬೆನ್ನಿನ ಭಾಗ ಗಟ್ಟಿಯಾಗಿದ್ದರೆ ಅದನ್ನು ಕತ್ತರಿಸಿ ಬೇರೆಯದಕ್ಕೆ ಬಳಸುವ ಉದ್ದೇಶವಿದ್ದಾಗ ಮಾತ್ರ ತನ್ನಿ.

ಬಳಿಕ ಭುಜವನ್ನು ನೋಡಿ. ಸೊಂಟವನ್ನು ಒಳಕ್ಕೆ ಹಿಡಿಯಬಹುದು, ತೋಳನ್ನು ಗಿಡ್ಡ ಮಾಡಬಹುದು, ಅಂಚನ್ನು ಮೇಲೆತ್ತಬಹುದು, ಆದರೆ ಭುಜವನ್ನು ಸರಿಪಡಿಸಬೇಕಾದರೆ ತೋಳನ್ನು ಪೂರ್ತಿ ಬಿಚ್ಚಿ ಕಂಕುಳಿನ ಸುತ್ತನ್ನು ಮತ್ತೆ ಕತ್ತರಿಸಿ ಕೂರಿಸಬೇಕಾಗುತ್ತದೆ, ಇದು ಕಲಿಯುವವರಿಗೆ ತಕ್ಕ ಕೆಲಸವಲ್ಲ. ಭುಜ ಸರಿಯಾಗಿದ್ದು ಉಳಿದದ್ದು ದೊಡ್ಡದಾಗಿದ್ದರೆ ಕೊಳ್ಳಿ. ಚಿಕ್ಕದಾಗಿರುವುದನ್ನು ಕೊಳ್ಳುವ ಮುನ್ನ ಒಳಮಗ್ಗುಲು ತಿರುಗಿಸಿ ಹೊಲಿಗೆಯಾಚೆ ಎಷ್ಟು ಬಟ್ಟೆ ಉಳಿದಿದೆ ಎಂದು ನೋಡಿ. ಟೈಲರ್ ಹೊಲಿದ ಉಡುಪಿನಲ್ಲಿ ಸಾಮಾನ್ಯವಾಗಿ ಒಂದು ಇಂಚಿನವರೆಗೆ ಮಾರ್ಜಿನ್ ಇರುತ್ತದೆ, ಸಿದ್ಧ ಉಡುಪಿನಲ್ಲಿ ಅಷ್ಟು ಸಿಗುವುದು ಅಪರೂಪ.

ನೂಲು ಯಾವುದೆಂದು ತಿಳಿಯದಿದ್ದರೆ, ಮನೆಗೆ ತಂದ ಮೇಲೆ ಒಳಹೊಲಿಗೆಯಿಂದ ನಾಲ್ಕು ಎಳೆ ಎಳೆದು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಮೆದುವಾದ ಬೂದಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕರಿಯನ್ನು ಬಿಡುತ್ತವೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಒಗೆಯುವ ನೀರು, ಇಸ್ತ್ರಿಯ ಬಿಸಿ ಎರಡನ್ನೂ ಈ ಒಂದು ಪರೀಕ್ಷೆಯೇ ಹೇಳಿಕೊಡುತ್ತದೆ.

ಬೂಷ್ಟು ತೆಗೆಯುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ನಮ್ಮ ಮನೆಗಳಲ್ಲಿ ಟ್ರಂಕಿನ ಬಟ್ಟೆಗೆ ಬೂಷ್ಟು ಹಿಡಿಯುವುದು ಸಹಜ, ಮತ್ತು ಎಷ್ಟೋ ಒಳ್ಳೆಯ ಬಟ್ಟೆಗಳು ನೆಲ ಒರೆಸಲು ಹೋಗುವುದು ಇದೇ ಕಾರಣಕ್ಕೆ. ಬಹುಪಾಲು ಬಟ್ಟೆಗಳನ್ನು ಉಳಿಸಿಕೊಳ್ಳಬಹುದು.

ಬೂಷ್ಟು ಹಿಡಿದ ಬಟ್ಟೆಯನ್ನು ಮೊದಲೇ ನೀರಿಗೆ ಹಾಕಬೇಡಿ. ಒದ್ದೆಯಾದ ಬೂಷ್ಟು ಎಳೆಯೊಳಕ್ಕೆ ಅಂಟಿಕೊಳ್ಳುತ್ತದೆ. ಮಳೆ ಬಿಟ್ಟ ದಿನ ಅಂಗಳಕ್ಕೆ ಒಯ್ದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮೆದುವಾದ ಒಣ ಬ್ರಷ್ಷಿನಿಂದ ನೂಲಿನ ಉದ್ದಕ್ಕೆ ಉಜ್ಜಿ ಪುಡಿಯನ್ನು ಉದುರಿಸಿ. ಆಮೇಲೆ ಹತ್ತಿಯಾದರೆ ಅರ್ಧ ಬಕೆಟ್ ಬೆಚ್ಚನೆಯ ನೀರಿಗೆ ಒಂದು ಲೋಟ ಬಿಳಿ ವಿನಿಗರ್ ಬೆರೆಸಿ ಅರ್ಧ ಗಂಟೆ ನೆನೆಸಿ, ತೆಗೆದು ಸಾಬೂನಿನಲ್ಲಿ ಒಗೆದು ನೇರ ಬಿಸಿಲಿನಲ್ಲಿ ಒಣಗಿಸಿ. ಬಣ್ಣದ ಬಟ್ಟೆಯಾದರೆ ಮುಂಚೆಯೇ ಒಳಮಡಿಕೆಯೊಂದಕ್ಕೆ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳಿ. ಅಚ್ಚ ಬಿಳಿ ಹತ್ತಿಗೆ ಮಾತ್ರ ಬ್ಲೀಚ್ ಬಳಸಬಹುದು, ಆದರೆ ವಿನಿಗರ್ ಇದ್ದ ನೀರಿಗೆ ಬ್ಲೀಚನ್ನು ಎಂದಿಗೂ ಸೇರಿಸಬಾರದು. ಅವೆರಡೂ ಕೂಡಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ರೇಷ್ಮೆಗೂ ಉಣ್ಣೆಗೂ ಬ್ಲೀಚು ಸೋಕಲೇಬಾರದು, ಅದು ನೂಲನ್ನೇ ಕರಗಿಸುತ್ತದೆ. ರೇಷ್ಮೆಯನ್ನು ಉಜ್ಜಿ ಗಾಳಿಗೆ ಹಾಕಿ, ನೆರಳಿನಲ್ಲಿಯೇ ಒಣಗಿಸಿ.

ಹೀಗೆಲ್ಲ ಮಾಡಿದ ಮೇಲೂ ಕರಿಚುಕ್ಕೆ ಉಳಿಯುವುದುಂಟು. ಅಂಥದ್ದನ್ನು ತೆಗೆಯಲು ಹೆಣಗಿ ಬಟ್ಟೆಯನ್ನು ತೆಳುವಾಗಿಸುವುದಕ್ಕಿಂತ ಕತ್ತರಿಸುವಾಗ ಆ ಜಾಗವನ್ನು ಬಿಟ್ಟುಬಿಡುವುದು, ಇಲ್ಲವೇ ಇಡೀ ಬಟ್ಟೆಗೆ ಕಡುನೀಲಿ ಅಥವಾ ಕಂದು ಬಣ್ಣ ಹಾಕಿಸುವುದು ಸರಿ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದ ಬಳಿ ಬಟ್ಟೆ ಒಣಗಿಸುವ ರೂಢಿ ಹತ್ತಿಗೆ ಪರವಾಗಿಲ್ಲ, ಆದರೆ ರೇಷ್ಮೆ ಮತ್ತು ಉಣ್ಣೆಗೆ ಹಿಡಿದ ಹೊಗೆವಾಸನೆ ಸುಲಭವಾಗಿ ಹೋಗುವುದಿಲ್ಲ.

ಸಲಕರಣೆ

ಹಣ ಖರ್ಚು ಮಾಡುವುದಾದರೆ ಮೊದಲು ಒಂದು ಒಳ್ಳೆಯ ಕತ್ತರಿಗೆ ಮಾಡಿ, ಮತ್ತು ಅದರಲ್ಲಿ ಕಾಗದ ಕತ್ತರಿಸಲು ಯಾರಿಗೂ ಕೊಡಬೇಡಿ. ಟೇಪು, ಗುರುತು ಹಾಕುವ ಸೀಮೆಸುಣ್ಣ, ಗುಂಡುಪಿನ್ನು, ಹೊಲಿಗೆ ಬಿಚ್ಚುವ ಕೊಕ್ಕೆ, ಹತ್ತಿ ದಾರ, ಇಷ್ಟೇ ಉಳಿದದ್ದು. ಬ್ಲೇಡಿನಲ್ಲಿ ಹೊಲಿಗೆ ಬಿಚ್ಚುವುದು ನಮ್ಮಲ್ಲಿ ರೂಢಿಯಾದರೂ ಕೈಯೂ ಬಟ್ಟೆಯೂ ಕೊಯ್ಯುತ್ತವೆ, ಕೊಕ್ಕೆಯೇ ಲೇಸು.

ಯಂತ್ರ ಕೊಳ್ಳುವವರು ಕಾಲಿನಿಂದ ತುಳಿಯುವ ಹಳೆಯ ಯಂತ್ರವನ್ನು ಹುಡುಕಬೇಕೆಂದು ನಾನು ಸಲಹೆ ಕೊಡುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗಲೂ ಅದು ಓಡುತ್ತದೆ, ದಪ್ಪ ಬಟ್ಟೆಯನ್ನೂ ಹೊಲಿಯುತ್ತದೆ. ಕೊಳ್ಳುವ ಮುನ್ನ ಚಕ್ರವನ್ನು ಕೈಯಿಂದ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ಕಚ್ಚಿಕೊಳ್ಳಬಾರದು. ಕೆಳದಾರದ ಸುರುಳಿ ಕೂರುವ ಬಾಬಿನ್ ಕೇಸನ್ನು ಹೊರತೆಗೆದು ಒಳಗೆ ತುಕ್ಕು ಇದೆಯೇ ನೋಡಿ, ಎರಡು ಪದರ ಬಟ್ಟೆಯನ್ನು ಕೊಟ್ಟು ಹೊಲಿಸಿ ನೋಡಿ. ಅಡಿಭಾಗದಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಬಹುಮಟ್ಟಿಗೆ ಮೇಲಿನ ದಾರವನ್ನು ಸರಿಯಾಗಿ ಪೋಣಿಸಿಲ್ಲ ಅಥವಾ ಅದರ ಬಿಗಿ ಸಾಲದು ಎಂದರ್ಥ, ಯಂತ್ರ ಕೆಟ್ಟಿದೆ ಎಂದಲ್ಲ. ತೆಳು ರೇಷ್ಮೆಗೆ 11, ಸಾಮಾನ್ಯ ಹತ್ತಿಗೆ 14, ಜೀನ್ಸಿಗೆ 16ನೇ ಸಂಖ್ಯೆಯ ಸೂಜಿ ಹಾಕಿ.

ಮೊದಲ ಕೆಲಸ: ಅಗಲವಾದ ಅಂಗಿಯನ್ನು ಮೈಗೆ ಹಿಡಿಸುವುದು

ಕಲಿಯಲು ಗಂಡಸರ ಹತ್ತಿ ಅಂಗಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಅಂಗಿಯ ಎದೆಸುತ್ತು 44 ಇಂಚಿದ್ದು ನಿಮಗೆ 40 ಇಂಚು ಸಾಕೆಂದುಕೊಳ್ಳೋಣ. ತೆಗೆಯಬೇಕಾದದ್ದು 4 ಇಂಚು. ಪಕ್ಕದ ಹೊಲಿಗೆ ಎರಡಿರುವುದರಿಂದ ಒಂದೊಂದರಲ್ಲಿ 2 ಇಂಚು, ಬಟ್ಟೆ ಎರಡು ಪದರವಾಗಿರುವುದರಿಂದ ಹೊಲಿಗೆ ಬೀಳಬೇಕಾದದ್ದು ಹಳೆಯ ಹೊಲಿಗೆಯಿಂದ 1 ಇಂಚು ಒಳಗೆ. ಈ ಲೆಕ್ಕದಲ್ಲಿ ತಪ್ಪಿ 2 ಇಂಚು ಒಳಗೆ ಹೊಲಿದುಬಿಟ್ಟರೆ ಅಂಗಿ ಒಮ್ಮೆಗೇ 36ಕ್ಕೆ ಇಳಿಯುತ್ತದೆ, ಆದ್ದರಿಂದ ಸೀಮೆಸುಣ್ಣದಲ್ಲಿ ಗುರುತು ಹಾಕುವ ಮುನ್ನ ಎರಡು ಸಲ ಯೋಚಿಸಿ.

ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟು, ಬೇರೊಬ್ಬರಿಂದ ಎರಡೂ ಬದಿಗೆ ಪಿನ್ನು ಹಾಕಿಸಿಕೊಳ್ಳಿ. ಕೈ ಎತ್ತಿ, ಮುಂದಕ್ಕೆ ಬಾಗಿ, ಕುಳಿತು ನೋಡಿ. ಕಳಚಿ ಮೇಜಿನ ಮೇಲೆ ಹರವಿ, ತೋಳಿನ ಮೊಣಕೈಯಿಂದ ಆರಂಭಿಸಿ ಕಂಕುಳನ್ನು ದಾಟಿ ಕೆಳ ಅಂಚಿನವರೆಗೆ ಒಂದೇ ಗೆರೆಯಾಗಿ ಸೀಮೆಸುಣ್ಣದಲ್ಲಿ ಎಳೆಯಿರಿ. ಕಂಕುಳಿನಲ್ಲಿ ಗೆರೆ ಕೋನವಾಗಿ ತಿರುಗದೆ ಬಳುಕಿ ಬರಬೇಕು. ಕೋನವಿದ್ದರೆ ಕೈ ಎತ್ತಿದಾಗ ಅಲ್ಲಿಯೇ ಹರಿಯುತ್ತದೆ. ಉದ್ದ ಟಾಕಿನಲ್ಲಿ ಕಚ್ಚಾ ಹೊಲಿಗೆ ಹಾಕಿ ಮತ್ತೊಮ್ಮೆ ತೊಟ್ಟು ನೋಡಿ, ಒಪ್ಪಿಗೆಯಾದ ಮೇಲೆ ಎರಡೂವರೆ ಮಿಲಿಮೀಟರ್ ಟಾಕಿನಲ್ಲಿ ಪಕ್ಕಾ ಹೊಲಿಯಿರಿ. ಹೆಚ್ಚಿನ ಬಟ್ಟೆಯನ್ನು ಅರ್ಧ ಇಂಚು ಬಿಟ್ಟು ಕತ್ತರಿಸಿ, ಎಳೆ ಬಿಚ್ಚಿಕೊಳ್ಳದಂತೆ ಅಂಚಿಗೆ ಟೈಲರ್ ಅಂಗಡಿಯಲ್ಲಿ ಇಂಟರ್‌ಲಾಕ್ ಮಾಡಿಸಿ. ಕಾಜಾ (ಗುಂಡಿಯ ತೂತು) ಮತ್ತು ಇಂಟರ್‌ಲಾಕ್ ಈ ಎರಡು ಕೆಲಸಕ್ಕೆ ಟೈಲರಿಗೆ ಹಣ ಕೊಡುವುದು ಸಾರ್ಥಕ, ಉಳಿದದ್ದೆಲ್ಲ ಮನೆಯಲ್ಲೇ ಆಗುತ್ತದೆ.

ಇದಕ್ಕಿಂತ ಹೆಚ್ಚು ತೆಗೆಯಬೇಕಾದರೆ ಪಕ್ಕದಲ್ಲೇ ಎಲ್ಲವನ್ನೂ ತೆಗೆಯಬೇಡಿ, ಜೇಬು ಕಂಕುಳಿನ ಕಡೆಗೆ ಸರಿದು ಅಂಗಿಯ ಮುಖವೇ ಕೆಡುತ್ತದೆ. ಬೆನ್ನಿನಲ್ಲಿ ನಡುವಿನಿಂದ ಸಮದೂರಕ್ಕೆ ಎರಡು ಉದ್ದ ಡಾರ್ಟ್, ಎಂದರೆ ಬಟ್ಟೆಯನ್ನು ಒಳಕ್ಕೆ ಮಡಚಿ ಹಿಡಿಯುವ ಹೊಲಿಗೆ, ಹಾಕಿ. 12 ಇಂಚು ಉದ್ದ, ಮಧ್ಯದಲ್ಲಿ ಮಡಿಕೆಯಿಂದ ಅರ್ಧ ಇಂಚು ಒಳಗೆ, ಎರಡೂ ತುದಿಯಲ್ಲಿ ಸೊನ್ನೆಗೆ ಇಳಿಯುವ ಹಾಗೆ. ಅಲ್ಲಿಯೇ ಇನ್ನೂ 2 ಇಂಚು ಇಳಿಯುತ್ತದೆ, ಸೊಂಟದ ಆಕಾರವೂ ಮೂಡುತ್ತದೆ.

ಕಾಲರಿನ ಮಡಿಕೆ ಸವೆದಿದ್ದರೆ ಅಂಗಿಯನ್ನು ಎಸೆಯಬೇಡಿ. ಕಾಲರನ್ನು ತಿರುಗಿಸುವುದು ಹಿಂದಿನವರಿಗೆ ಗೊತ್ತಿದ್ದ ಒಳ್ಳೆಯ ಉಪಾಯ. ಕಾಲರ್ ಮತ್ತು ಅದರ ಕೆಳಪಟ್ಟಿ ಎರಡರ ಮೇಲೂ ನಡುಬಿಂದುವನ್ನು ಪೆನ್ಸಿಲಿನಲ್ಲಿ ಗುರುತಿಸಿ, ಪಟ್ಟಿಯ ಮೇಲಂಚಿನ ಹೊಲಿಗೆಯನ್ನಷ್ಟೇ ಬಿಚ್ಚಿ. ಕಾಲರು ಕೈಗೆ ಬರುತ್ತದೆ, ಪಟ್ಟಿ ಅಂಗಿಯಲ್ಲೇ ಉಳಿಯುತ್ತದೆ. ಬಾಯಿ ತೆರೆದ ಪಟ್ಟಿಯೊಳಗೆ ಹಳೆಯ ಮಡಿಕೆಯ ಗೆರೆ ಕಾಣಿಸುತ್ತದೆ, ಅದರಲ್ಲಿ ಕೂಡಿದ್ದ ನೂಲಿನ ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ. ಕಾಲರನ್ನು ಮಗುಚಿ, ಸವೆದ ಮುಖ ಅಡಿಗೆ ಬರುವಂತೆ ಮಾಡಿ, ಮೊದಲು ನಡುಬಿಂದುವಿಗೆ, ಆಮೇಲೆ ಎರಡು ತುದಿಗೆ, ಕೊನೆಗೆ ಮಧ್ಯದ ಜಾಗಗಳಿಗೆ ಪಿನ್ನು ಹಾಕಿ ಹಳೆಯ ಸೂಜಿತೂತುಗಳ ಮೇಲೆಯೇ ಹೊಲಿಯಿರಿ. ಕಾಲರಿನ ತುದಿಗೆ ಗುಂಡಿ ಹಾಕುವ ಬಗೆಯದಾದರೆ ಇದು ಆಗುವುದಿಲ್ಲ. ಉಳಿದ ಹೆಚ್ಚಿನ ಅಂಗಿಗಳಿಗೆ ಸಲ್ಲುತ್ತದೆ.

ಎರಡನೆಯ ಕೆಲಸ: ಹಳೆಯ ಹತ್ತಿ ಸೀರೆಯಿಂದ ಕುರ್ತಿ

ಸೀರೆಯನ್ನು ಕತ್ತರಿಸುವ ಮುನ್ನ ಅದು ಎಲ್ಲಿ ಸವೆದಿದೆ ಎಂದು ಓದಿಕೊಳ್ಳಬೇಕು. ನೆರಿಗೆ ಮುಂದೆ ಬರುವ ಶೈಲಿಯಲ್ಲಿ ಉಟ್ಟ ಸೀರೆ ಮುಂಭಾಗದ ಕೆಳ ಅಂಚಿನಲ್ಲಿ ಸವೆಯುತ್ತದೆ. ಕೊಡವ ಶೈಲಿಯಲ್ಲಿ ನೆರಿಗೆ ಹಿಂದಕ್ಕೆ ಹೋಗುವುದರಿಂದ ಕುಳಿತಲ್ಲಿ ಒತ್ತಿ ನೆರಿಗೆಯ ಮಡಿಕೆಗಳು ತೆಳುವಾಗಿರುತ್ತವೆ, ಬಲ ಭುಜದಲ್ಲಿ ಸೆರಗಿಗೆ ಪಿನ್ನು ಚುಚ್ಚಿದ ತೂತುಗಳಿರುತ್ತವೆ. ಎರಡರಲ್ಲಿಯೂ ಸೊಂಟಕ್ಕೆ ಸುತ್ತಿದ ಒಳತುದಿ ಗಟ್ಟಿಯಾಗಿ ಉಳಿದಿರುತ್ತದೆ. ಹಾಸಿಗೆಯ ಮೇಲೆ ಸೀರೆಯನ್ನು ಉದ್ದಕ್ಕೆ ಹರವಿ, ಸವೆದ ಜಾಗಗಳಿಗೆ ಬಣ್ಣದ ದಾರದಲ್ಲಿ ಒಂದೊಂದು ಟಾಕು ಹಾಕಿ ಗುರುತು ಮಾಡಿ. ಫಾಲ್ಸ್ ಇದ್ದರೆ ಬಿಚ್ಚಿ, ಒಮ್ಮೆ ಒಗೆದು ಇಸ್ತ್ರಿ ಮಾಡಿ.

ಈಗ ಲೆಕ್ಕ. ಸೀರೆಯ ಅಗಲ ಸುಮಾರು 45 ಇಂಚು, ಉದ್ದ ಐದೂವರೆ ಮೀಟರು. ಕುರ್ತಿಯ ಉದ್ದವನ್ನು ಸೀರೆಯ ಅಗಲದಲ್ಲಿ ಕೂರಿಸಿದರೆ ಸೀರೆಯ ಅಂಚೇ ಕುರ್ತಿಯ ಕೆಳ ಅಂಚಾಗುತ್ತದೆ, ಮಡಚಿ ಹೊಲಿಯುವ ಕೆಲಸವೇ ಇರುವುದಿಲ್ಲ. ನಿಮ್ಮ ಸೊಂಟದ ಕೆಳಗಿನ ಸುತ್ತು 40 ಇಂಚಾದರೆ ಸಡಿಲಕ್ಕೆ 4 ಸೇರಿಸಿ 44, ಅದರಲ್ಲಿ ಅರ್ಧ 22, ಎರಡು ಬದಿಯ ಹೊಲಿಗೆಗೆ 2 ಸೇರಿಸಿದರೆ ಒಂದು ಭಾಗಕ್ಕೆ 24 ಇಂಚು. ಮುಂಭಾಗ, ಹಿಂಭಾಗ ಸೇರಿ ಸೀರೆಯ ಉದ್ದದಲ್ಲಿ 48 ಇಂಚು ಹೋಗುತ್ತದೆ. ತೋಳುಗಳನ್ನು ಒಂದರ ತಲೆಗೆ ಇನ್ನೊಂದರ ತಲೆ ಬರುವಂತೆ ಇಟ್ಟು ಕತ್ತರಿಸಿದರೆ ಮೇಲಿನ ಅಂಚು ಒಂದು ತೋಳಿಗೂ ಕೆಳಗಿನ ಅಂಚು ಇನ್ನೊಂದಕ್ಕೂ ಸಿಗುತ್ತದೆ, ಅದಕ್ಕೆ 16 ಇಂಚು ಸಾಕು. ಕೊರಳಪಟ್ಟಿಗೆ 6 ಇಂಚು ಬಿಟ್ಟರೂ ಒಟ್ಟು 70 ಇಂಚು, ಎಂದರೆ ಎರಡು ಮೀಟರಿಗೂ ಕಡಿಮೆ. ಉಳಿದ ಮೂರೂವರೆ ಮೀಟರಿನಲ್ಲಿ ಸವೆದ ಭಾಗ ಬಿಟ್ಟು ಒಂದು ದುಪಟ್ಟಾ ಆಗುತ್ತದೆ. ಮೇಲು ಕೆಳಗೆಂಬ ದಿಕ್ಕಿರುವ ಚಿತ್ತಾರದ ಸೀರೆಯಾದರೆ ಮಾತ್ರ ತೋಳುಗಳನ್ನು ಪಕ್ಕಪಕ್ಕದಲ್ಲಿ ಇಡಬೇಕು.

ಎದೆ, ಕೊರಳು, ಕಂಕುಳಿನ ಆಕಾರಕ್ಕೆ ಸೂತ್ರಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಿಮಗೆ ಚೆನ್ನಾಗಿ ಒಪ್ಪುವ ಕುರ್ತಿಯೊಂದನ್ನು ಉದ್ದಕ್ಕೆ ಎರಡಾಗಿ ಮಡಚಿ, ಹಳೆಯ ದಿನಪತ್ರಿಕೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಬದಿಗಳಿಗೆ 1 ಇಂಚು, ಭುಜ ಮತ್ತು ಕಂಕುಳಿಗೆ ಅರ್ಧ ಇಂಚು ಸೇರಿಸಿ ಕತ್ತರಿಸಿಕೊಳ್ಳಿ. ಮುಂಭಾಗದ ಕಂಕುಳಿನ ಬಳುಕು ಹಿಂಭಾಗದ್ದಕ್ಕಿಂತ ತುಸು ಆಳವಾಗಿರಬೇಕು ಎಂಬುದನ್ನು ಮರೆಯಬೇಡಿ.

ತೆಳುವಾದ ಹಳೆಯ ಬಟ್ಟೆಗೆ ಫ್ರೆಂಚ್ ಹೊಲಿಗೆ ಹಾಕಿದರೆ ಇಂಟರ್‌ಲಾಕಿನ ಖರ್ಚೂ ಉಳಿಯುತ್ತದೆ, ಬಾಳಿಕೆಯೂ ಬರುತ್ತದೆ. ಬಟ್ಟೆಯ ಒಳಮೈಗಳು ಒಂದಕ್ಕೊಂದು ತಾಗುವಂತೆ ಇಟ್ಟು ಕಾಲಿಂಚಿನಲ್ಲಿ ಒಂದು ಹೊಲಿಗೆ, ಅಂಚನ್ನು ಅರ್ಧದಷ್ಟು ಕತ್ತರಿಸಿ, ಮಗುಚಿ ಇಸ್ತ್ರಿ ಮಾಡಿ, ಕಾಲಿಂಚಿಗಿಂತ ಕೂದಲೆಳೆ ಹೆಚ್ಚು ಬಿಟ್ಟು ಇನ್ನೊಂದು ಹೊಲಿಗೆ. ಬಿಡಿ ಎಳೆಗಳೆಲ್ಲ ಒಳಗೆ ಅಡಗುತ್ತವೆ. ಕೊರಳಿಗೆ ಓರೆಯಾಗಿ, 45 ಡಿಗ್ರಿಯಲ್ಲಿ, ಒಂದೂಕಾಲು ಇಂಚಗಲದ ಪಟ್ಟಿ ಕತ್ತರಿಸಿ. ನೇರ ಪಟ್ಟಿ ದುಂಡು ಕೊರಳಿಗೆ ಬಾಗುವುದಿಲ್ಲ, ಸುಕ್ಕುಗಟ್ಟುತ್ತದೆ.

ಲೈನಿಂಗ್ ಹಾಕುವುದಾದರೆ ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಸಿ. ನಾನು ಹೊಲಿದ ಮೊದಲ ಕುರ್ತಿಗೆ ಹೊಸ ಹತ್ತಿ ಲೈನಿಂಗನ್ನು ಹಾಗೆಯೇ ಹಾಕಿದ್ದೆ. ಮೊದಲ ಒಗೆತದಲ್ಲಿ ಲೈನಿಂಗು ಕುಗ್ಗಿತು, ಅನೇಕ ಸಲ ಒಗೆದು ಕುಗ್ಗಿ ಮುಗಿದಿದ್ದ ಸೀರೆ ಕುಗ್ಗಲಿಲ್ಲ, ಬದಿಯ ಹೊಲಿಗೆಗಳೆಲ್ಲ ಮುದುಡಿ ನಿಂತವು. ಪೂರ್ತಿ ಬಿಚ್ಚಿ ಮತ್ತೆ ಹೊಲಿಯಲು ಎರಡು ದಿನ ಹಿಡಿಯಿತು.

ಉಣ್ಣೆಯ ತೂತು

ಸ್ವೆಟರಿನಲ್ಲಿ ನುಸಿ ತಿಂದ ತೂತಿಗೆ ಒಳಹೊಲಿಗೆಯಿಂದಲೇ ಅದೇ ಬಣ್ಣದ ಎಳೆ ತೆಗೆದು ರಫೂ ಹಾಕಬಹುದು. ತೂತಿನ ಆಚೆಗೆ ಅರ್ಧ ಇಂಚು ಗಟ್ಟಿ ಜಾಗದಿಂದ ಆರಂಭಿಸಿ ಉದ್ದಕ್ಕೆ ಎಳೆಗಳನ್ನು ಹಾಸಿ, ಆಮೇಲೆ ಅಡ್ಡಕ್ಕೆ ಒಂದರ ಮೇಲೆ ಒಂದರ ಕೆಳಗೆ ಹೊಕ್ಕಿಸಿ. ಎಳೆಯನ್ನು ಬಿಗಿಯಾಗಿ ಎಳೆಯಬಾರದು. ಮೊಣಕೈ ಪೂರ್ತಿ ಹೋಗಿದ್ದರೆ ಕಟ್ ಪೀಸಿನ ಕಾರ್ಡುರಾಯ್ ತುಂಡನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ ಎರಡೂ ತೋಳಿಗೆ ಹಚ್ಚಿ. ಒಂದಕ್ಕೆ ಮಾತ್ರ ಹಚ್ಚಿದರೆ ತೇಪೆ, ಎರಡಕ್ಕೂ ಹಚ್ಚಿದರೆ ವಿನ್ಯಾಸ.

ಮಳೆಗಾಲಕ್ಕೆ ಮುನ್ನ ಎತ್ತಿಡುವುದು

ಮೇ ತಿಂಗಳ ಕೊನೆಯ ಬಿಸಿಲಿಗೆ ಬಟ್ಟೆಗಳನ್ನೆಲ್ಲ ಹಾಕಿ, ಟ್ರಂಕನ್ನೂ ಬಾಯಿ ತೆರೆದು ಒಣಗಿಸಿ. ಬೆವರು, ಗಂಜಿ ಎರಡೂ ಇಲ್ಲದಂತೆ ಒಗೆದ ಬಟ್ಟೆಗೆ ಬೂಷ್ಟು ತಡವಾಗಿ ಹಿಡಿಯುತ್ತದೆ, ಆದ್ದರಿಂದ ಗಂಜಿ ಹಾಕಿದ ಸೀರೆಯನ್ನು ಹಾಗೆಯೇ ಎತ್ತಿಡಬೇಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗಿನ ತೇವ ಹೊರಹೋಗುವುದಿಲ್ಲ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ. ಜರಿ ಇರುವುದನ್ನು ಜರಿ ಒಳಗೆ ಬರುವಂತೆ ಮಡಚಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಗೆ ತಾಗದಂತೆ ಚಿಕ್ಕ ಗಂಟಿನಲ್ಲಿ ಕಟ್ಟಿ ಮೂಲೆಗೆ ಇಡಿ, ಮಕ್ಕಳ ಕೈಗೆ ಸಿಗದಿರಲಿ. ಯಂತ್ರದ ತೂತುಗಳಿಗೆಲ್ಲ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಹಳೆಯ ಬಟ್ಟೆಯ ಮೇಲೆ ಹತ್ತು ಸಾಲು ಹೊಲಿದು ಹೆಚ್ಚಿನ ಎಣ್ಣೆಯನ್ನು ಇಳಿಸಿ, ಮುಚ್ಚಿಡಿ. ಜುಲೈ, ಆಗಸ್ಟಿನಲ್ಲಿ ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟ ಗಳಿಗೆ ನೋಡಿ ಟ್ರಂಕಿನ ಬಟ್ಟೆಗಳನ್ನು ಹೊರತೆಗೆದು, ಬೇರೆ ಗೆರೆಯಲ್ಲಿ ಮಡಚಿ ಮತ್ತೆ ಇಡಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿದ ರೇಷ್ಮೆ ಅದೇ ಗೆರೆಯಲ್ಲಿ ಸೀಳುತ್ತದೆ.